ಸಮಚಿತ್ತ ಯಾರಿಗಾಗಿ?

ಕ್ಯಾಶುವಾಲ್ಟಿಗೆ ಹೊಸದಾಗಿ ಬಂದ ಕಿರಿಯ ವೈದ್ಯರಿಗೆ ಹಿರಿಯರು ಹೇಳುವ ಬುದ್ಧಿಮಾತು ಒಂದೇ: "ಮನಸ್ಸಿಗೆ ಹಚ್ಕೋಬೇಡ." ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಮಾತಿಗೆ ಬೆಂಬಲವಾಗಿ ಗೀತೆಯ ಸ್ಥಿತಪ್ರಜ್ಞನನ್ನೂ ಗ್ರೀಸಿನ ಸ್ಟೋಯಿಕರನ್ನೂ ಕರೆತರುವುದುಂಟು. ಅವರ ಚಿಂತೆ ತಮ್ಮ ಮನಸ್ಸಿನ ಶಾಂತಿಯದು, ಅದನ್ನು ಬಿಡೋಣ. ನನ್ನ ತಕರಾರು ವೈದ್ಯ ವಿಲಿಯಂ ಆಸ್ಲರ್ ಜೊತೆ.

1889ರಲ್ಲಿ ಫಿಲಡೆಲ್ಫಿಯಾದಲ್ಲಿ, ಓದು ಮುಗಿಸಿ ಹೊರಟ ವೈದ್ಯರ ಮುಂದೆ ಆಸ್ಲರ್ 'ಈಕ್ವಾನಿಮಿಟಾಸ್' ಎಂಬ ಭಾಷಣ ಮಾಡಿದರು. ವೈದ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಲುಗಾಡದ ಚಿತ್ತ. ಮುಖದಲ್ಲಿ ಆತಂಕ ಕಂಡರೆ ರೋಗಿಯ ವಿಶ್ವಾಸ ಹೋಗುತ್ತದೆ ಎಂಬುದು ಅವರ ವಾದ.

ಒಮ್ಮೆ ಅರಕಲಗೂಡು ಕಡೆಯ ರೈತರೊಬ್ಬರನ್ನು ಹಾಸನದ ನಮ್ಮ ಕ್ಯಾಶುವಾಲ್ಟಿಗೆ ಕರೆತಂದಿದ್ದರು. ಎದೆನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸೋಡಾ ಕುಡಿದು ಕೂತಿದ್ದರಂತೆ. ಹೊಗೆಸೊಪ್ಪಿನ ಅಂಟು ಮೆತ್ತಿ ಬೆರಳೆಲ್ಲ ಕಪ್ಪು. ಆಕ್ಸಿಮೀಟರ್ ಏನನ್ನೂ ತೋರಿಸಲಿಲ್ಲ, ಕಿವಿಗೆ ಸಿಕ್ಕಿಸಿದೆವು. ಇಸಿಜಿಯಲ್ಲಿ ಹೃದಯಾಘಾತ ಸ್ಪಷ್ಟವಾಗಿತ್ತು. ಟೆನೆಕ್ಟೆಪ್ಲೇಸ್ ಕೊಡುವ ಮುನ್ನ ಹಿಂದೆ ಪಾರ್ಶ್ವವಾಯು ಆಗಿತ್ತೇ, ಆಪರೇಷನ್ ಆಗಿತ್ತೇ, ಎಲ್ಲಾದರೂ ರಕ್ತಸ್ರಾವ ಇದೆಯೇ ಎಂದು ಒಂದೊಂದಾಗಿ ಕೇಳಬೇಕು. ಹೆಪ್ಪು ಕರಗಿಸುವ ಈ ಮದ್ದು ಮಿದುಳಿನಲ್ಲಿ ರಕ್ತ ಸೋರಿಸಲೂಬಹುದು. ಡೋಸ್ ಲೆಕ್ಕಕ್ಕೆ ತೂಕ ಎಷ್ಟೆಂದು ಕೇಳಿದಾಗ ಅವರ ಹೆಂಡತಿ ನನ್ನನ್ನೇ ದಿಟ್ಟಿಸಿ ಅಂದರು: "ನಿಮ್ಗೇನೂ ಅನ್ಸಲ್ವಾ ಸಾ?"

ಆಸ್ಲರ್ ಹೇಳಿದ್ದಕ್ಕೆ ಇದು ತೀರಾ ತಿರುಗುಮುರುಗು. ನನ್ನ ಶಾಂತ ಮುಖದಿಂದ ಆಕೆಗೆ ಧೈರ್ಯ ಬರಲಿಲ್ಲ. ನಮ್ಮವರ ಜೀವ ಇವರಿಗೆ ಲೆಕ್ಕಕ್ಕಿಲ್ಲ ಎಂದೇ ಅನ್ನಿಸಿತು.

ಆದರೂ ಒಂದನ್ನು ಒಪ್ಪಲೇಬೇಕು. ಆ ಪ್ರಶ್ನೆಗಳಲ್ಲಿ ಒಂದು ತಪ್ಪಿದರೂ ಜೀವ ಹೋಗಬಹುದಿತ್ತು, ಗಾಬರಿಬಿದ್ದವನ ತಲೆಯಲ್ಲಿ ಅವು ನಿಲ್ಲುವುದಿಲ್ಲ. ಹೃದಯ ಕಲ್ಲಾಗಬಾರದೆಂದು ಆಸ್ಲರ್ ಅದೇ ಭಾಷಣದಲ್ಲಿ ಎಚ್ಚರಿಸಿಯೂ ಇದ್ದಾರೆ. ಮುಂದೆ 1917ರಲ್ಲಿ, ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನುಷ್ಯ ಅವರು, ದುಃಖ ಅರಿಯದವರಲ್ಲ. ಹಾಗಿದ್ದರೆ ನನ್ನ ಸಿಟ್ಟು ಅವರ ಮೇಲಲ್ಲ, ಅವರ ಅರ್ಧ ಮಾತನ್ನಷ್ಟೇ ಉಳಿಸಿಕೊಂಡ ನಮ್ಮ ಮೇಲೆ ಎಂದು ಮುಗಿಸಬಹುದಿತ್ತು.

ಅದಕ್ಕೂ ಮನಸ್ಸು ಒಪ್ಪುತ್ತಿಲ್ಲ. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ, ಹೊಳೆನರಸೀಪುರದಿಂದ, ಚನ್ನರಾಯಪಟ್ಟಣದಿಂದ ಜನ ಇಸಿಜಿಗೆಂದು ಸಾಲುಗಟ್ಟಿದರು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಅದನ್ನು ನಾನು ನಂಬುತ್ತೇನೆ. ಆದರೆ ಪಕ್ಕದ ಮನೆಯ ಹುಡುಗನನ್ನು ಮಣ್ಣು ಮಾಡಿ ಬಂದವನಿಗೆ "ಇಸಿಜಿ ನಾರ್ಮಲ್, ಹೋಗಿ" ಎಂದು ಸಮಾಧಾನದಿಂದ ಹೇಳಿದರೆ ಅವನ ಎದೆಬಡಿತ ಇಳಿಯುವುದಿಲ್ಲ. ಸಾಲಿನಲ್ಲಿ ಇನ್ನೂ ಹತ್ತಾರು ಜನ ಇರುವಾಗ ಕೂರಿಸಿ ಮಾತಾಡಲು ನನಗೆ ಹೊತ್ತೂ ಇರುವುದಿಲ್ಲ. ಆಗ ಸಮಚಿತ್ತ ಗುಣವೋ, ಹೊತ್ತಿಲ್ಲದವರ ಅನಿವಾರ್ಯವೋ? ನನಗೆ ಬಿಡಿಸಿ ಹೇಳಲಾಗುತ್ತಿಲ್ಲ.

ಅಂದು ಆ ರೈತರ ಹೆಂಡತಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ಅನ್ಸುತ್ತಮ್ಮ. ಮೊದ್ಲು ತೂಕ ಹೇಳಿ." ಹೇಳಿದರು. ಇಂಜೆಕ್ಷನ್ ಕೊಟ್ಟು ಮೈಸೂರಿನ ಜಯದೇವಕ್ಕೆ ಕಳಿಸಿದೆವು. ಅದು ಸಾಕಾಗುವ ಉತ್ತರವೇ ಎಂಬ ಅನುಮಾನ ಉಳಿದಿದೆ. ನಿಮ್ಮವರನ್ನು ಕರೆತಂದಾಗ ವೈದ್ಯರ ಮುಖದಲ್ಲಿ ಏನೂ ಕಾಣದಿದ್ದರೆ ನೀವೂ ಆಕೆಯಂತೆ ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಬೇಸರಪಡುವ ಹಕ್ಕು ನಮಗಿಲ್ಲ.