ಮೈಗಳ್ಳ ಯಾರು?

'ಮೈಗಳ್ಳ' ಅನ್ನೋ ಬೈಗುಳವನ್ನು ನಮ್ಮ ಜನ ತಲೆತಲಾಂತರದಿಂದ ಕೇಳಿಸಿಕೊಂಡು ಬಂದಿದ್ದಾರೆ. ಜೀತದವನು ಜ್ವರ ಬಂದು ಮಲಗಿದರೆ ಮೈಗಳ್ಳ. ಕಳೆ ಕೀಳುವ ಬಸುರಿ ಸೊಂಟ ನೆಟ್ಟಗೆ ಮಾಡಿ ಒಂದು ಗಳಿಗೆ ನಿಂತರೆ ಮೈಗಳ್ಳಿ. ಆದರೆ ಜಗಲಿ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಕೂತವನನ್ನು ಯಾರೂ ಹಾಗೆ ಕರೆದದ್ದು ನಾನು ಕೇಳಿಲ್ಲ. ಅವನಿಗೆ ಬೇರೆ ಹೆಸರುಗಳಿವೆ. ಗೌಡರು, ಧಣಿಗಳು, ಸಾವ್ಕಾರರು. ಮೈ ಇಟ್ಟು ದುಡಿಯುವವನಿಗೆ ಮಾತ್ರ ಅಂಟುವ ಬೈಗುಳ ಇದು.

ಹಾಗಾದರೆ ಈ ಮಾತನ್ನು ತಿಪ್ಪೆಗೆ ಎಸೆದುಬಿಡೋಣವೆ? ನಮ್ಮ ಸಭೆಗಳಲ್ಲಿ ಮಾತಾಡುವ ಹಲವು ಗೆಳೆಯರು ಹೌದು ಅನ್ನುತ್ತಾರೆ. ಧಣಿಯ ಕೆಲಸವನ್ನು ನಿಧಾನ ಮಾಡುವುದೂ ಒಂದು ಬಂಡಾಯವೇ, ದುಡಿಮೆಯ ನೀತಿ ಅನ್ನೋದು ಉಳ್ಳವರು ಕಟ್ಟಿದ ಕತೆ ಅಂತ ವಾದಿಸುತ್ತಾರೆ. ಜೀತದ ಹೊಲದಲ್ಲಿ ಈ ವಾದ ನಿಲ್ಲುತ್ತದೆ. ಅಲ್ಲಿ ಉಳಿಸಿಕೊಂಡ ಬೆವರು ಧಣಿಯ ಕಣಜಕ್ಕೆ ಹೋಗದೆ ಉಳಿದ ಬೆವರು. ಆದರೆ ನಾನು ಹಮಾಲನ ಮಗ. ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಎರಡು ಸುಗ್ಗಿ ಗ್ಯಾಂಗಿನ ಲೆಕ್ಕ ಬರೆದಿದ್ದೇನೆ, ಕೈ ಕಮ್ಮಿಯಾದ ದಿನ ಚೀಲಕ್ಕೂ ಬೆನ್ನು ಕೊಟ್ಟಿದ್ದೇನೆ. ಅಲ್ಲಿ ಈ ವಾದ ನಿಲ್ಲುವುದಿಲ್ಲ.

ಯಾಕೆಂದು ತಿಳಿಯಬೇಕಾದರೆ ಗ್ಯಾಂಗು ಹೇಗೆ ದುಡಿಯುತ್ತದೆ ಅನ್ನೋದು ಗೊತ್ತಿರಬೇಕು. ಮೆಕ್ಕೆಜೋಳವೋ ಶೇಂಗಾವೋ ಭತ್ತವೋ ಬಂದು ಅಂಗಳದಲ್ಲಿ ರಾಶಿ ಬೀಳುತ್ತದೆ. ಹೆಂಗಸರು ಹಸನು ಮಾಡುತ್ತಾರೆ. ಗಂಡಸರು ಚೀಲ ತುಂಬಿ, ಕಾಟಾ ಹಾಕಿ, ಬಾಯಿ ಹೊಲಿದು ಲಾರಿಗೆ ಏರಿಸುತ್ತಾರೆ. ಇಬ್ಬರು ಎತ್ತಿ ಕೊಡಬೇಕು, ಒಬ್ಬ ಬೆನ್ನು ಕೊಟ್ಟು ಹಲಗೆ ಹತ್ತಬೇಕು, ಲಾರಿ ಮೇಲಿನವನು ಎಳೆದು ಒಟ್ಟಬೇಕು. ಕೂಲಿ ಚೀಲಕ್ಕೆ ಇಷ್ಟು ಅಂತ. ಬಂದದ್ದೆಲ್ಲ ಒಂದು ಪುಸ್ತಕದಲ್ಲಿ ಸೇರುತ್ತದೆ, ಶನಿವಾರ ರಾತ್ರಿ ಹನ್ನೆರಡು ಜನಕ್ಕೆ ಹನ್ನೆರಡು ಸಮಪಾಲು. ಈಗ ಹೇಳಿ, ಒಬ್ಬ ಬೀಡಿ ಹಚ್ಚಿಕೊಂಡು ಗೋಡೆ ಮರೆಗೆ ಹೋಗಿ ಹತ್ತು ಚೀಲ ತಪ್ಪಿಸಿದರೆ ನಷ್ಟ ಯಾರಿಗೆ? ವರ್ತಕನಿಗೆ ಒಂದು ಪೈಸೆ ನಷ್ಟವಿಲ್ಲ. ಅವನ ಲಾರಿ ತುಂಬೇ ತುಂಬುತ್ತದೆ. ತಪ್ಪಿಸಿದ ಹತ್ತು ಚೀಲ ಪಕ್ಕದವನ ಬೆನ್ನ ಮೇಲೆ ಹೋಗಿ ಕೂರುತ್ತವೆ.

ಆ ಚೀಲದ ಭಾರವನ್ನೂ ಹೇಳಬೇಕು. ನಮ್ಮಪ್ಪ ಹಮಾಲಿಗೆ ಸೇರಿದಾಗ ಚೀಲ ಅಂದರೆ ಕ್ವಿಂಟಾಲ್, ನೂರು ಕೆ.ಜಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಗಂಡಸಿನ ಮೇಲೆ 55 ಕೆ.ಜಿ.ಗಿಂತ ಹೆಚ್ಚು ಹೊರಿಸುವ ಕಡೆ ಆ ಭಾರವನ್ನು ಬೇಗ ಇಳಿಸಬೇಕು ಎಂದು ಶಿಫಾರಸು ಮಾಡಿತ್ತು. ಆ ಕಾಗದ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಒಂದು ತಲೆಮಾರಿನ ಬೆನ್ನು ಸವೆದಿತ್ತು. ಈಗ ಐವತ್ತು ಕೆ.ಜಿ. ಚೀಲ ಬಂದಿದೆ. ಚೀಲ ಅರ್ಧವಾಯಿತು, ದರವೂ ಅರ್ಧ ಅನ್ನುತ್ತಾರೆ ವರ್ತಕರು. ಹಲಗೆ ಹತ್ತಿ ಇಳಿಯುವ ಲೆಕ್ಕ ಎರಡರಷ್ಟಾಯಿತಲ್ಲ, ಅದು ಅವರ ಪುಸ್ತಕದಲ್ಲಿ ಬರುವುದಿಲ್ಲ.

ನಮ್ಮ ಗ್ಯಾಂಗಿನಲ್ಲಿ ಒಬ್ಬ ಹಿರಿಯ ಇದ್ದಾನೆ. ನಾನು ಮಾವ ಅಂತೀನಿ. ಕತ್ತಿನ ನರ ಹಿಡಿದು ಬಲಗೈ ಮೇಲಕ್ಕೇಳುವುದಿಲ್ಲ. ಚೀಲದ ಬಾಯಿ ಹಿಡಿಯುತ್ತಾನೆ, ಹೊಲಿಯುತ್ತಾನೆ, ಎಣಿಸುತ್ತಾನೆ. ಪಾಲು ಮಾತ್ರ ಪೂರ್ತಿ. ಹೊಸದಾಗಿ ಸೇರಿದ ಹುಡುಗರು ಕಳೆದ ಸುಗ್ಗಿಯಲ್ಲಿ ತಕರಾರು ತೆಗೆದರು. "ಹೊತ್ತಷ್ಟು ಕೂಲಿ ಅಂತ ಮಾಡ್ರಿ. ನಾನು ನೂರೈವತ್ತು ಚೀಲ ಹೊತ್ತರೆ ನನಗೆ ನೂರೈವತ್ತರ ದುಡ್ಡು. ಅವನ್ಯಾಕೆ ನನ್ನ ಬೆನ್ನಿನ ದುಡ್ಡು ತಿಂತಾನೆ?" ಹುಡುಗರ ಮಾತು ಅನ್ಯಾಯದ್ದು ಅಂತ ತಳ್ಳಿಹಾಕಲು ಬರುವುದಿಲ್ಲ. ಅವರಿಗೂ ಮನೆಯಿದೆ, ಸಾಲವಿದೆ. ನಮ್ಮಪ್ಪ ಒಂದೇ ಮಾತು ಕೇಳಿದ: "ನಿಮ್ಮಪ್ಪ ಕಾಲು ಮುರ್ಕೊಂಡು ಆರು ತಿಂಗಳು ಮಲಗಿದ್ದಾಗ ಅವನ ಚೀಲ ಯಾರು ಹೊತ್ತರು, ಕೇಳ್ಕೊಂಡು ಬಾ."

ಇಲ್ಲಿ ಒಂದು ವಿಷಯ ನಮ್ಮ ವಿದ್ಯಾರ್ಥಿ ಗೆಳೆಯರಿಗೆ ಹೇಳಬೇಕು. ಹಮಾಲ ಯಾರ ನೌಕರ? ವರ್ತಕನನ್ನು ಕೇಳಿದರೆ "ನನ್ನ ಆಳಲ್ಲ" ಅನ್ನುತ್ತಾನೆ. ಮಾರುಕಟ್ಟೆ ಸಮಿತಿಯನ್ನು ಕೇಳಿದರೆ "ನಾವು ಲೈಸೆನ್ಸ್ ಕೊಡುತ್ತೇವೆ ಅಷ್ಟೆ" ಅನ್ನುತ್ತದೆ. ಮಹಾರಾಷ್ಟ್ರದಲ್ಲಿ ಹೋರಾಟ ಮಾಡಿ 1969ರಲ್ಲಿ ಮಾಥಾಡಿ ಹಮಾಲರ ಕಾಯ್ದೆ ತಂದುಕೊಂಡರು. ಅಲ್ಲಿ ವರ್ತಕ ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು, ಅದರಿಂದ ಭವಿಷ್ಯನಿಧಿ, ಗ್ರಾಚ್ಯುಟಿ, ರಜೆ ಕೂಲಿ. ನಮ್ಮ ಮಾವನಿಗೆ ಇದ್ಯಾವುದೂ ಇಲ್ಲ. ಗ್ಯಾಂಗಿನ ಸಮಪಾಲೇ ಅವನ ಪಿಂಚಣಿ. ಸರ್ಕಾರ ಮತ್ತು ಸಾವ್ಕಾರ ಹೊರಬೇಕಾದ ಚೀಲವನ್ನು ಹನ್ನೊಂದು ಜನ ಬಡವರು ಹೊರುತ್ತಿದ್ದಾರೆ. ಹುಡುಗರ ಸಿಟ್ಟು ಮಾವನ ಮೇಲೆ ಹರಿದರೆ ಲಾಭ ಯಾರಿಗೆ?

ಆದರೆ ಅದೇ ಗ್ಯಾಂಗಿನಲ್ಲಿ ಇನ್ನೊಬ್ಬನೂ ಇದ್ದ. ಮೂವತ್ತರ ಪ್ರಾಯ, ಕಲ್ಲಿನಂಥ ಮೈ, ಸಂಘದ ಮುಖಂಡನ ಬಾಮೈದ. ಲಾರಿ ಬಂದ ತಕ್ಷಣ ಅವನಿಗೆ ಫೋನು ಬರುತ್ತಿತ್ತು. ಮುಗಿಯುವ ಹೊತ್ತಿಗೆ ಟೀ ಅಂಗಡಿಯಿಂದ ಬಾಯಿ ಒರೆಸಿಕೊಂಡು ಬಂದು ಕೊನೆಯ ನಾಲ್ಕು ಚೀಲಕ್ಕೆ ಕೈ ಹಾಕುತ್ತಿದ್ದ. ಅವನಿಗೂ ಪೂರ್ತಿ ಪಾಲು. ಪುಸ್ತಕದಲ್ಲಿ ಮಾವನ ಸಾಲೂ ಅವನ ಸಾಲೂ ಒಂದೇ. ಎರಡು ಕಡೆಯೂ ಚೀಲ ಕಮ್ಮಿ, ಎರಡು ಕಡೆಯೂ ಪಾಲು ಪೂರ್ತಿ. ಲೆಕ್ಕ ಬರೆಯುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಹೊರುವವರಿಗೆ ಮಾತ್ರ ಚೆನ್ನಾಗಿ ಗೊತ್ತು. ಮಾವ ಎದ್ದು ಬೆನ್ನು ಕೊಡಲು ಹೋಗುತ್ತಾನೆ, ಇವರು ಬೇಡ ಅಂತ ಕೂರಿಸುತ್ತಾರೆ. ಬಾಮೈದನನ್ನು ಎಬ್ಬಿಸಲು ಹೋಗುತ್ತಾರೆ, ಅವನು ಕೂರುತ್ತಾನೆ. ಸೋತ ಮೈ ಬೇರೆ, ಕದ್ದ ಮೈ ಬೇರೆ.

ಒಂದು ದಿನ ಅಂಗಡಿಯ ಗುಮಾಸ್ತ ಮಾವನ ಕಡೆ ಕೈ ತೋರಿಸಿ "ಆ ಮೈಗಳ್ಳನ್ನ ಬಿಡಿಸಿ, ಬೇರೆಯವನ್ನ ಹಾಕ್ಕೊಳ್ಳಿ" ಅಂದ. ಹಿಂದಿನ ದಿನ ತಕರಾರು ತೆಗೆದಿದ್ದ ಹುಡುಗರೇ ಮೊದಲು ಕೊಕ್ಕೆ ಕೆಳಗಿಟ್ಟರು. ಎರಡು ಲಾರಿ ಮಧ್ಯಾಹ್ನದವರೆಗೂ ನಿಂತವು. ಗುಮಾಸ್ತ ಬಂದು ತಪ್ಪಾಯ್ತು ಅಂದ ಮೇಲೆ ಚೀಲ ಎದ್ದವು. ಅವತ್ತು ರಾತ್ರಿ ಪಾಲು ಹಂಚುವಾಗ, ಹೊರಗಿನವರು ಯಾರೂ ಇಲ್ಲದಾಗ, ಬಾಮೈದನನ್ನು ನಡುವೆ ಕೂರಿಸಿ ಮೈಗಳ್ಳ ಅನ್ನೋ ಅದೇ ಮಾತನ್ನು ಮುಖಕ್ಕೆ ಅಂದರು. ಮುಖಂಡನಿಗೆ ಸಿಟ್ಟು ಬಂತು. ಬರಲಿ. ಬಾಮೈದ ಒಂದು ವಾರ ಬರಲಿಲ್ಲ, ಆಮೇಲೆ ಬಂದು ಹೊತ್ತ.

ನನಗೆ ಇದರಲ್ಲಿ ಒಂದು ನ್ಯಾಯ ಕಾಣುತ್ತದೆ. ದುಡಿಮೆಯ ಋಣ ಧಣಿಗೆ ಸಲ್ಲಬೇಕಾದ ಋಣವಲ್ಲ, ಪಕ್ಕದ ಹೆಗಲಿಗೆ ಸಲ್ಲಬೇಕಾದದ್ದು. ಆದ್ದರಿಂದ ಮೈಗಳ್ಳ ಅನ್ನೋ ಹಕ್ಕು ಧಣಿಗಿಲ್ಲ, ಪಕ್ಕದ ಹೆಗಲಿಗಿದೆ. ಸಂಘದ ಹೆಸರಿನಲ್ಲಿ ಮೈ ಕದಿಯುವವನನ್ನು 'ನಮ್ಮವನು' ಅಂತ ಮುಚ್ಚಿಟ್ಟರೆ, ಅವನ ಚೀಲ ಹೊತ್ತವನು ನಮ್ಮವನಲ್ಲವೆ?

ಕೇರಳದ ಮಾತು ಇಲ್ಲಿ ನೆನಪಾಗುತ್ತದೆ. ಅಲ್ಲಿ ತಲೆಹೊರೆ ಕಾರ್ಮಿಕರಿಗೆ 1978ರಲ್ಲೇ ಕಾಯ್ದೆ ಬಂತು, ಸಂಘಗಳು ಗಟ್ಟಿಯಾದವು. ಜೊತೆಗೆ ನೋಕ್ಕುಕೂಲಿ ಅನ್ನೋದೂ ಬೆಳೆಯಿತು. ಮಾಲನ್ನು ಬೇರೆಯವರು ಇಳಿಸಿದರೂ, ಯಂತ್ರ ಇಳಿಸಿದರೂ, ನಿಂತು ನೋಡಿದ್ದಕ್ಕೆ ಕೂಲಿ. 2018ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಪತ್ರಿಕೆಗಳಿಗೆ ಈ ವಿಷಯ ಹಬ್ಬದೂಟ. ಹೊರದೆ ಕೂಲಿ ಕೇಳುವುದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಮ್ಮ ಅಂಗಳದಲ್ಲಿ ರೈತ ಬೆಳೆದು, ಹಮಾಲ ಹೊತ್ತು, ಲಾರಿಯವನು ಸಾಗಿಸುವ ಮಾಲಿನ ಮೇಲೆ ಗಾದಿಯಲ್ಲಿ ಒರಗಿ ಕೂತ ದಲಾಲಿ ತೆಗೆದುಕೊಳ್ಳುವ ಕಮಿಷನ್ನಿಗೆ ಏನೆನ್ನಬೇಕು? ಅದೂ ನೋಡುಗೂಲಿಯೇ. ನೋಕ್ಕುಕೂಲಿ ಕೇಳಿದ ಕಾರ್ಮಿಕ ದಲಾಲಿಯ ಕಸುಬನ್ನು ಕಲಿತ. ನನ್ನ ತಕರಾರು ಅದು.

ಇಷ್ಟು ಹೇಳಿ ನಿಲ್ಲಿಸಿದರೆ ಗ್ಯಾಂಗು ಸ್ವರ್ಗದಂತೆ ಕಾಣುತ್ತದೆ. ಹಾಗಿಲ್ಲ. ಒಂದೇ ಚೀಲಕ್ಕೆ ಎರಡು ಜಾತಿಯ ಕೈ ಬೀಳುತ್ತದೆ, ನೀರಿನ ಕೊಡ ಮಾತ್ರ ಎರಡು. ಅಕ್ಕಿಯ ಲಾರಿ ಬಂದರೆ ಯಾರು, ಸಿಮೆಂಟು, ಗೊಬ್ಬರ, ಮೂಗು ಕಣ್ಣು ಉರಿಸುವ ಒಣಮೆಣಸಿನಕಾಯಿ ಬಂದರೆ ಯಾರು ಅನ್ನೋದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ನಡೆಯುತ್ತದೆ. ಪಾಲು ಸಮ, ಕೆಮ್ಮು ಸಮ ಅಲ್ಲ. ಕೇಳಿದರೆ "ನಿಮಗೆ ಅಭ್ಯಾಸ ಇದೆ ಕಣಪ್ಪ" ಅನ್ನುತ್ತಾರೆ, ನಗುತ್ತಾ, ಹೆಗಲ ಮೇಲೆ ಕೈ ಹಾಕಿ. ಯಾರ ಶ್ವಾಸಕೋಶಕ್ಕೆ ಸಿಮೆಂಟು ಅಭ್ಯಾಸವಾಗುತ್ತದೆ?

ಇದು ಹಳೆಯ ರೋಗ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ತೂತಿನಿಂದ ದಾರವನ್ನು ಬಾಯಿಂದ ಎಳೆಯಬೇಕಿತ್ತು, ಎಂಜಲು ಮೈಲಿಗೆಯಾಗುತ್ತದೆ ಅಂತ. ನೇಯ್ಗೆಯಲ್ಲೇ ಕೂಲಿ ಹೆಚ್ಚು. ತಡೆದವರು ಜೊತೆಗೆ ದುಡಿಯುವ ಸವರ್ಣ ಕಾರ್ಮಿಕರೇ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ಇಟ್ಟರು. ಮಾಲೀಕನಿಂದ ನ್ಯಾಯ ಕೇಳುವವರು ಪಕ್ಕದವನಿಗೆ ನ್ಯಾಯ ಕೊಡುತ್ತೀರಾ ಅನ್ನೋದೇ ಅದರ ಹುರುಳು. 1938ರಲ್ಲಿ ಮನ್ಮಾಡಿನ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ ಅವರು ಬಂಡವಾಳಶಾಹಿಯ ಜೊತೆಗೆ ಬ್ರಾಹ್ಮಣಶಾಹಿಯನ್ನೂ ಕಾರ್ಮಿಕರ ಶತ್ರು ಎಂದರು. ಅದು ಬ್ರಾಹ್ಮಣರಲ್ಲಿ ಮಾತ್ರವಲ್ಲ, ಎಲ್ಲ ವರ್ಗಗಳಲ್ಲೂ ಹಬ್ಬಿದೆ ಎಂದೂ ಹೇಳಿದರು. ಅದೇ ಭಾಷಣದಲ್ಲಿ ಒಂದು ಸಣ್ಣ ವಿವರ ಬರುತ್ತದೆ. ರೈಲ್ವೆಯಲ್ಲಿ ನಮ್ಮವರಿಗೆ ಹಮಾಲನ ಕೆಲಸವೂ ಸಿಗುತ್ತಿರಲಿಲ್ಲ, ಯಾಕೆಂದರೆ ಆ ಹಮಾಲ ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕಿತ್ತು. ಹೊರೆ ಹೊರುವುದಕ್ಕೂ ಜಾತಿ ಬೇಕು! ಪುಣೆಯಲ್ಲಿ ಹಮಾಲ ಪಂಚಾಯತ್ ಕಟ್ಟಿದ ಬಾಬಾ ಆಢಾವ್ ಅವರು 1970ರ ದಶಕದಲ್ಲಿ 'ಒಂದು ಊರು, ಒಂದು ನೀರಿನ ನೆಲೆ' ಅನ್ನೋ ಚಳುವಳಿ ನಡೆಸಿದ್ದು ಸುಮ್ಮನೆ ಅಲ್ಲ. ಹೊರೆಯ ಪ್ರಶ್ನೆಯನ್ನೂ ನೀರಿನ ಪ್ರಶ್ನೆಯನ್ನೂ ಅವರು ಬೇರೆ ಬೇರೆ ಮಾಡಲಿಲ್ಲ.

ಪಕ್ಕದ ಹೆಗಲಿಗೆ ಬಯ್ಯುವ ಹಕ್ಕಿದೆ ಅಂದೆನಲ್ಲ, ಆ ಹಕ್ಕು ಪುಕ್ಕಟೆ ಸಿಗುವುದಿಲ್ಲ. ನನ್ನ ಕೊಡದ ನೀರು ಕುಡಿಯದವನು ನನ್ನನ್ನು ಮೈಗಳ್ಳ ಅಂದರೆ ಅದು ಗೆಳೆಯನ ಮಾತಾಗುವುದಿಲ್ಲ, ಗೌಡನ ಮಾತೇ ಆಗುತ್ತದೆ. ಸಿಮೆಂಟಿನ ಲಾರಿಗೂ ಅವನು ಸರದಿಯಲ್ಲಿ ಬರಲಿ. ಆಮೇಲೆ ಬಯ್ಯಲಿ, ತಲೆ ತಗ್ಗಿಸಿ ಕೇಳುತ್ತೇನೆ.

ಊರ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಮನವಿ. ನೀವು ಕಾಯಕದ ಪಾಠ ಮಾಡುತ್ತೀರಿ, ಮಾಡಬೇಕಾದ್ದೇ. ನಮ್ಮ ಅಂಗಳದ ಅಂಗಡಿಗಳಲ್ಲೂ ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನ ಪಟ ಇರುತ್ತದೆ, ಪಟದ ಕೆಳಗೆ ಕಾಯಕದ ಮಾತು ಇರುತ್ತದೆ, ಅದು ಯಾವಾಗಲೂ ಹಮಾಲನ ಕಡೆಗೆ ಮುಖ ಮಾಡಿರುತ್ತದೆ. ಆಯ್ದಕ್ಕಿ ಮಾರಯ್ಯ ಅಂದು ಹೆಚ್ಚಾಗಿ ಅಕ್ಕಿ ತಂದಾಗ ಲಕ್ಕಮ್ಮ ಏನು ಮಾಡಿದಳು? ನಮಗೆ ಇಷ್ಟು ಬೇಡ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂತ ವಾಪಸು ಕಳಿಸಿದಳು. ಹೆಚ್ಚು ಹೊರು ಅನ್ನೋ ಕತೆ ಅಲ್ಲ ಅದು, ಹೆಚ್ಚು ಇಟ್ಟುಕೊಳ್ಳಬೇಡ ಅನ್ನೋ ಕತೆ. ಮಕ್ಕಳಿಗೆ ಆ ಅರ್ಥವನ್ನೂ ಹೇಳಿ. ಪಟವನ್ನು ಗಲ್ಲಾಪೆಟ್ಟಿಗೆಯ ಕಡೆಗೆ ತಿರುಗಿಸಲು ಆ ಮಕ್ಕಳಲ್ಲಿ ಒಬ್ಬನಾದರೂ ಬರಬಹುದು.

ಲಕ್ಕಮ್ಮನ ಹೆಸರು ಬಂದಿದ್ದರಿಂದ ಇನ್ನೊಂದು ವಿಷಯ. ರಾಶಿ ಹಸನು ಮಾಡುವ, ಜರಡಿ ಹಿಡಿಯುವ, ಚೆಲ್ಲಿದ್ದನ್ನು ಗುಡಿಸಿ ಗುಡ್ಡೆ ಹಾಕುವ ಹೆಂಗಸರು ನಮ್ಮ ಅಂಗಳದಲ್ಲಿ ಹದಿನಾಲ್ಕು ಜನ ಇದ್ದಾರೆ. ಲೈಸೆನ್ಸ್ ಇಲ್ಲ, ಸಂಘದ ಚೀಟಿ ಇಲ್ಲ. ಕೂಲಿ ಅಂದರೆ ಮಣ್ಣಲ್ಲಿ ಬೆರೆತು ಉಳಿದ ಕಾಳು. ಅವರು ಧೂಳು ಕುಡಿದು ಹಸನು ಮಾಡದಿದ್ದರೆ ಒಂದು ಚೀಲವೂ ತುಂಬುವುದಿಲ್ಲ. ಅವರನ್ನೂ ಪುಸ್ತಕಕ್ಕೆ ಸೇರಿಸಿ, ಚೀಲಕ್ಕೆ ಇಷ್ಟು ಅಂತ ಅವರಿಗೂ ವರ್ತಕರಿಂದ ದರ ಕೇಳೋಣ ಅಂತ ಹೇಳಿದಾಗ ಗ್ಯಾಂಗಿನಲ್ಲಿ ನಕ್ಕರು. "ಅವರೇನು ಹೊರ್ತಾರಾ?" ಅಂದ ಒಬ್ಬ. ಸಮಪಾಲಿನ ಪರವಾಗಿ ಅಷ್ಟು ಚೆನ್ನಾಗಿ ಮಾತಾಡಿದ ನಮ್ಮಪ್ಪನೂ ಅವತ್ತು ಸುಮ್ಮನಿದ್ದ. ನಮ್ಮವ್ವ ಆ ಹದಿನಾಲ್ಕು ಜನರಲ್ಲಿ ಒಬ್ಬಳು. ಮಾತಾಡಿದ್ದು ಮಾವ: "ನಾನೂ ಈಗ ಹೊರಲ್ಲ. ನನ್ನ ಹೆಸರೂ ಹೊಡೆದು ಹಾಕ್ರಿ."

ಈ ಸುಗ್ಗಿಗೆ ಮೊದಲು ಸಂಘದ ಸಭೆ ಇದೆ. ಹದಿನಾಲ್ಕು ಹೆಸರಿನ ಪಟ್ಟಿ ಮಾಡಿ ಅರ್ಜಿ ಬರೆದಿದ್ದೇನೆ. ಅದರಲ್ಲೇ ಎರಡನೇ ಬೇಡಿಕೆಯಾಗಿ ಒಂದೇ ನೀರಿನ ಕೊಡ, ಸಿಮೆಂಟು ಮತ್ತು ಗೊಬ್ಬರಕ್ಕೆ ಸರದಿ ಅಂತಲೂ ಸೇರಿಸಿದ್ದೇನೆ. ಮಾವ ಎಡಗೈ ಹೆಬ್ಬೆಟ್ಟು ಒತ್ತಿದ್ದಾನೆ. ತಕರಾರು ತೆಗೆದ ಹುಡುಗರಲ್ಲಿ ಇಬ್ಬರು ಸಹಿ ಹಾಕಿದ್ದಾರೆ, ಬಾಮೈದ ನೋಡೋಣ ಅಂದಿದ್ದಾನೆ. ಅಪ್ಪ ಅರ್ಜಿಯನ್ನು ಎರಡು ಸಲ ಓದಿಸಿಕೊಂಡ. ಸಹಿ ಇನ್ನೂ ಹಾಕಿಲ್ಲ.