ಬೆರಳಿನ ಲೆಕ್ಕ

ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯ ನಮ್ಮ ಮಂದಿ ಸೊಲ್ಲಾಪುರದ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶಕ್ಕೆ ಪಾಳಿಗೆ ಹೋಗುತ್ತಾರೆ. ಚಾದರ, ಟವೆಲ್ ನೇಯುವ ಪವರ್‌ಲೂಮಿಗೆ ಕೈ ಸಿಕ್ಕಿತೆಂದರೆ ಬೆರಳು ಹೋದಂತೆಯೇ. ಆ ಬೆರಳಿನ ಬೆಲೆಯನ್ನು ಕಾನೂನು ಗುರುತು ಹಾಕಿಟ್ಟಿದೆ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಪಾಲು ನಷ್ಟ, ಹೆಬ್ಬೆರಳಾದರೆ 30. ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ 1923ರ ಕಾಯ್ದೆಯ ಲೆಕ್ಕದಲ್ಲಿ, ತಿಂಗಳಿಗೆ 15,000 ಪಗಾರದ 40 ವರ್ಷದ ಕೆಲಸಗಾರನ ತೋರುಬೆರಳಿಗೆ ಸುಮಾರು 2,32,000 ರೂಪಾಯಿ.

ಜನ್ಮದಲ್ಲಿ ಕಾಣದಷ್ಟು ದುಡ್ಡು ಒಮ್ಮೆಲೇ ಖಾತೆಗೆ ಬಿದ್ದಾಗ ಮನೆಯವರಿಗೆ ದಿಗಿಲು: ಇನ್‌ಕಮ್ ಟ್ಯಾಕ್ಸಿನವರು ಬಂದಾರೇನು? ಇಲ್ಲ. ಆ ದುಡ್ಡು ಗಳಿಕೆಯಲ್ಲ. ಕಳೆದುಕೊಂಡ ಅಂಗದ ಬದಲಿಗೆ ಬಂದದ್ದನ್ನು ಆದಾಯವೆಂದು ಎಣಿಸುವುದಿಲ್ಲ. ಮಾಲೀಕರು ರಜೆಯ ದಿನಗಳಿಗೂ ಪಗಾರ ಕೊಟ್ಟಿದ್ದರೆ ಅದು ಮಾತ್ರ ಪಗಾರವೇ, ಲೆಕ್ಕಕ್ಕೆ ಸೇರುತ್ತದೆ.

ನನ್ನನ್ನು ಕಾಡುವುದು ಬಡ್ಡಿ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಸೇರಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. ನಾಲ್ಕು ವರ್ಷ ಅಲೆದಾಡಿಸಿದರೆ 1,11,000ದಷ್ಟಾಯಿತು. ಬೆರಳಿನ ದುಡ್ಡಿಗೆ ಇಲ್ಲದ ತೆರಿಗೆ, ಕಾಯಿಸಿದ್ದಕ್ಕೆ ಸಿಕ್ಕ ಈ ದುಡ್ಡಿಗೆ ಉಂಟು. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಕಾದವನು ಸುಖವಾಗಿ ಕಾದಿರಲಿಲ್ಲ. ಆ ನಾಲ್ಕು ವರ್ಷ ಅವನ ಮನೆ ಕೈಸಾಲದಲ್ಲಿ ನಡೆದಿರುತ್ತದೆ, ಆ ಸಾಲಕ್ಕೂ ಬಡ್ಡಿ ಕಟ್ಟಿರುತ್ತಾನೆ.

ಮಾಲೀಕರ ಪರವಾಗಿ ವಿಮಾ ಕಂಪನಿ ಹಣ ಕೊಡುವಾಗ ಈ ಬಡ್ಡಿಯಲ್ಲಿ ನೂರಕ್ಕೆ 10 ಟಿ.ಡಿ.ಎಸ್. ಎಂದು ಹಿಡಿಯಬಹುದು, ಪ್ಯಾನ್ ಕೊಡದಿದ್ದರೆ 20. ಅಂದರೆ 11,000, ಇಲ್ಲವೇ 22,000. ಅವನ ವರ್ಷದ ಒಟ್ಟು ಆದಾಯ ತೆರಿಗೆಯ ಮಿತಿಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಹಿಡಿದದ್ದೆಲ್ಲ ಅವನಿಗೇ ಮರಳಬೇಕಾದದ್ದು. ಆದರೆ ರಿಟರ್ನ್ ತುಂಬದೆ ಅದು ಬರುವುದಿಲ್ಲ. ಮಗ್ಗದ ಮುಂದೆ ಆಯುಷ್ಯ ಕಳೆದವನಿಗೆ ರಿಟರ್ನ್ ಎಂದರೆ ಸಾಹುಕಾರರ ಕೆಲಸ. ತನ್ನ ದುಡ್ಡು ಅಲ್ಲಿ ಕೂತಿದೆ ಎಂಬುದೇ ಅವನಿಗೆ ತಿಳಿದಿರುವುದಿಲ್ಲ.

ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ಪಾಸ್‌ಬುಕ್ಕು, ಪ್ಯಾನ್, ಪರಿಹಾರದ ಆದೇಶದ ಪ್ರತಿ ತಗೊಂಡು ಅವರ ಜೊತೆ ರಿಟರ್ನ್ ತುಂಬುವವರ ಹತ್ತಿರ ಹೋಗಿರಿ. ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬೇರೆಬೇರೆಯಾಗಿ ನೋಡಿಸಿರಿ. ಆದೇಶ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮೊದಲು ಅವರ ಕಟ್ಟೆಯ ಮೇಲೆ ಕೂತು, ಕನ್ನಡದಲ್ಲಿ ಓದಿ ಹೇಳಿರಿ.