ತಳದ ಕೆಸರು

"ಎಲ್ಲಾ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಬಿಡಿ" ಎನ್ನುತ್ತಾರೆ ಹಾಸನದ ನನ್ನ ರಿಪೇರಿ ಅಂಗಡಿಗೆ ಬರುವವರು. ಹಾಗೆ ಬರುವ ಎಸ್‌ಎಸ್‌ಡಿಗಳಲ್ಲಿ ಏನೆಲ್ಲ ಇರುತ್ತದೆ! ಲೆಕ್ಕಪತ್ರ ನೋಡುವವರದ್ದಾದರೆ ಊರಿನ ಅರ್ಧ ಜನರ ಪ್ಯಾನ್, ಆಧಾರ್, ಬ್ಯಾಂಕ್ ವಿವರ. ಕ್ವಿಕ್ ಫಾರ್ಮ್ಯಾಟ್ ಕ್ಷಣದ ಕೆಲಸ. ನಾನು ಅಷ್ಟಕ್ಕೇ ಬಿಡುವುದಿಲ್ಲ.

ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ. ಮೇಲೆ ಬೇರೆ ಏನಾದರೂ ಬರೆದು ಮುಚ್ಚೋಣವೆಂದರೆ ಎಸ್‌ಎಸ್‌ಡಿಯ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲಾಗದು. ಡ್ರೈವ್ ಪುಟ ಪುಟವಾಗಿ ಬರೆಯುತ್ತದೆ, ಅಳಿಸುವಾಗ ಮಾತ್ರ ಪುಟಗಳ ಇಡೀ ಬ್ಲಾಕನ್ನೇ ಅಳಿಸಬೇಕು. ಹಾಗಾಗಿ ಹೊಸದನ್ನು ಬೇರೆ ಕಡೆ ಬರೆದು, ಹಳೆಯದಕ್ಕೆ 'ಬೇಡ' ಎಂಬ ಗುರುತು ಹಾಕಿ ಮುಂದೆ ಹೋಗುತ್ತದೆ. ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ತಿಳಿಸುವ ಟ್ರಿಮ್ ಆಜ್ಞೆ ಆದಮೇಲೆ ಎಷ್ಟೋ ಡ್ರೈವ್‌ಗಳು ಕೇಳಿದರೆ ಸೊನ್ನೆ ಎನ್ನುತ್ತವೆ. ಒಳಗಿನ ಸೆಲ್‌ಗಳಲ್ಲಿ ವಿದ್ಯುದಂಶ ಇನ್ನೂ ಹಾಗೇ ಕೂತಿರಬಹುದು. ತಯಾರಕರು ಕಾದಿರಿಸಿದ ಹೆಚ್ಚುವರಿ ಜಾಗವಂತೂ ವಿಂಡೋಸ್‌ಗೆ ಕಾಣುವುದೇ ಇಲ್ಲ.

ಅಳಿದಂತೆ ಕಾಣುವುದು ಬೇರೆ, ನಿಜಕ್ಕೂ ಅಳಿಯುವುದು ಬೇರೆ ಎಂಬುದು ನನಗೆ ಮನೆಯಲ್ಲೂ ಎದುರಾಗುತ್ತದೆ. ನಮ್ಮದು ಜೈನರ ಮನೆ. ಸಂಜೆ ಸ್ವಾಧ್ಯಾಯಕ್ಕೆ ಕೂತಾಗ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಮೊದಲ ಸೂತ್ರದಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ. ನಮ್ಮ ನಾಡಿನವರೇ ಆದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಟ್ಟ ದೃಷ್ಟಾಂತ ಹೀಗಿದೆ: ಕದಡಿದ ನೀರಿಗೆ ಚಿಲ್ಲದ ಬೀಜ ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಇದು ಉಪಶಮ, ಕರ್ಮ ಅಡಗಿ ಕೂತ ಸ್ಥಿತಿ. ಆ ತಿಳಿನೀರನ್ನು ಬೇರೊಂದು ಶುದ್ಧ ಪಾತ್ರೆಗೆ ಬಸಿದುಕೊಂಡರೆ ಅದು ಕ್ಷಯ, ಕರ್ಮ ಪೂರ್ತಿ ನಾಶವಾದ ಸ್ಥಿತಿ. ನೋಡುವ ಕಣ್ಣಿಗೆ ಎರಡೂ ಒಂದೇ ತಿಳಿ. ಆದರೆ ಮೊದಲ ಪಾತ್ರೆ ಅಲುಗಿದರೆ ಸಾಕು.

ಆತ್ಮ ಏರುವ ಮೆಟ್ಟಿಲುಗಳಾದ ಗುಣಸ್ಥಾನಗಳ ಲೆಕ್ಕವೂ ಇಷ್ಟೇ ನಿಷ್ಠುರ. ಮೋಹವನ್ನು ಅದುಮುತ್ತ ಏರಿದವನು 11ನೆಯ ಮೆಟ್ಟಿಲಿನಲ್ಲಿ 48 ನಿಮಿಷದೊಳಗಿನ ಒಂದು ಅಂತರ್ಮುಹೂರ್ತಕ್ಕಿಂತ ಹೆಚ್ಚು ನಿಲ್ಲಲಾರ, ಅಲ್ಲಿಂದ ಜಾರಲೇಬೇಕು. ಕ್ಷಯ ಮಾಡುತ್ತ ಬಂದವನು ಆ ಮೆಟ್ಟಿಲನ್ನು ತುಳಿಯದೆ 10ರಿಂದ ನೇರ 12ಕ್ಕೆ ಹೋಗುತ್ತಾನೆ, ಅವನಿಗೆ ಮತ್ತೆ ಪತನವಿಲ್ಲ. ಶಾಂತವಾಗಿ ಕಂಡದ್ದನ್ನೆಲ್ಲ ಶುದ್ಧಿ ಎಂದು ನಂಬಬೇಡ ಎಂದು ಪರಂಪರೆ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೀತು?

ಇನ್ನೊಂದು ಸಾಮ್ಯ ನನ್ನನ್ನು ಹೆಚ್ಚು ಕಾಡುತ್ತದೆ. ಹೊರಗಿನ ಯಾವ ಸಾಫ್ಟ್‌ವೇರೂ ಎಸ್‌ಎಸ್‌ಡಿಯ ಎಲ್ಲ ಸೆಲ್‌ಗಳನ್ನು ಮುಟ್ಟಲಾರದು. ನಾವು ಸೆಕ್ಯೂರ್ ಎರೇಸ್ ಆಜ್ಞೆ ಕೊಡಬಹುದು, ಅಷ್ಟೆ. ಅಳಿಸಬೇಕಾದದ್ದು ಡ್ರೈವ್‌ನ ಒಳಗಿರುವ ಕಂಟ್ರೋಲರೇ. ತೀರ್ಥಂಕರರು ದಾರಿ ತೋರಿಸಬಲ್ಲರು. ನನ್ನ ಕರ್ಮದ ನಿರ್ಜರೆ ನನ್ನ ಆತ್ಮದಿಂದಲೇ ಆಗಬೇಕು. ಹಾಗೆಂದು ಒಳಗಿನಿಂದ ಬಂದ 'ಆಯಿತು' ಎಂಬ ಮಾತನ್ನೂ ಪರೀಕ್ಷಿಸದೆ ಒಪ್ಪಲಾಗದು. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಚಿಪ್‌ಗಳನ್ನೇ ನೇರವಾಗಿ ಓದಿ ನೋಡಿದಾಗ, ಅಳಿಸಿದ್ದೇನೆ ಎಂದು ವರದಿ ಕೊಟ್ಟ ಒಂದು ಡ್ರೈವ್‌ನಲ್ಲಿ ಮಾಹಿತಿ ಹಾಗೇ ಉಳಿದಿತ್ತು. ಮಾಡಿದ ತಪ್ಪುಗಳಿಗೆ ಪಶ್ಚಾತ್ತಾಪಪಡುವ ಪ್ರತಿಕ್ರಮಣದ ಪಾಠವನ್ನು ತಪ್ಪದೆ ಒಪ್ಪಿಸಿ ಎದ್ದ ಮೇಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ, ನಿಜವಾಗಿ ಅಳಿಯಿತೇ, ಎಂದು ನನಗನ್ನಿಸುತ್ತದೆ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಪೂರ್ತಿ ಅಳಿಸಿದ ಡ್ರೈವ್‌ಗೆ ಏನೂ ಗೊತ್ತಿಲ್ಲ. ಜೈನ ದರ್ಶನದಲ್ಲಿ ಕರ್ಮ ಅರಿವಿನ ಮೇಲಿನ ಮುಸುಕು; ಜ್ಞಾನವನ್ನು ಮುಚ್ಚುವ ಜ್ಞಾನಾವರಣೀಯ ಕರ್ಮ ಕಳಚಿದಾಗ ಉಳಿಯುವುದು ಕೇವಲಜ್ಞಾನ, ಭೂತ ಭವಿಷ್ಯಗಳೆರಡೂ ಬೆಳಗುವ ಅರಿವು. ಅದನ್ನು ಪಡೆದ ಕೇವಲಿ ತನ್ನ ಹಿಂದಿನ ಭವಗಳನ್ನೆಲ್ಲ ಬಲ್ಲ, ತಾನು ಕೊಟ್ಟ ನೋವುಗಳ ಸಮೇತ. ಅವುಗಳಿಗೆ ಅಂಟಿಕೊಂಡಿದ್ದ ರಾಗದ್ವೇಷ ಮಾತ್ರ ಇಲ್ಲ. ಹಳೆಯದೆಲ್ಲ ಮರೆತುಹೋದರೆ ಸಾಕು ಎಂದು ಹಂಬಲಿಸುವವರನ್ನು ಕಂಡಾಗ, ಅವರು ಬಯಸುತ್ತಿರುವುದು ಡ್ರೈವ್‌ನ ಬಿಡುಗಡೆಯನ್ನು ಎನಿಸುತ್ತದೆ. ನನಗೆ ಬೇಕಾದದ್ದು ಇನ್ನೊಂದು: ಮಾಡಿದ್ದೆಲ್ಲ ಕಣ್ಣೆದುರಿಗಿರಲಿ, ಹಿಡಿತ ಬಿಡಲಿ.